ಪ್ರಾಣಿ ಪ್ರಯೋಗ ನಿಂತರೆ ದನದ ಡಾಕ್ಟರು ಕಲಿಯುವುದು ಹೇಗೆ?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಘೋಷಣೆ ಮಾಡಿತು. ಹೊಸ ಔಷಧಗಳನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವ ಪದ್ಧತಿಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತೇವೆ, ಮೊನೊಕ್ಲೋನಲ್ ಆಂಟಿಬಾಡಿ ಎಂಬ ಬಗೆಯ ಔಷಧಗಳಿಂದ ಅದನ್ನು ಶುರು ಮಾಡುತ್ತೇವೆ ಎಂದು ಹೇಳಿತು. ನಮ್ಮ ದೇಶ ಇದಕ್ಕೂ ಮೊದಲೇ ಒಂದು ಹೆಜ್ಜೆ ಇಟ್ಟಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮ ತಿದ್ದುಪಡಿಯಾಯಿತು. ಪ್ರಾಣಿಗಳ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶ, ಕಂಪ್ಯೂಟರ್ ಮಾದರಿಗಳಂಥ ವಿಧಾನಗಳನ್ನು ಬಳಸಲು ಅದರಲ್ಲಿ ಅವಕಾಶ ಸಿಕ್ಕಿತು.

ಈ ಸುದ್ದಿಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿ ಬರುವಷ್ಟರಲ್ಲಿ 'ಪ್ರಾಣಿ ಪ್ರಯೋಗ ಬಂದ್' ಎಂಬ ಒಂದೇ ಸಾಲಾಗಿಬಿಡುತ್ತವೆ. ಆಗ ಗೊಂದಲ ಶುರು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆಯ ಪಿಯುಸಿ ಮಕ್ಕಳು ಬಿವಿಎಸ್ಸಿ ಸೀಟಿಗೆ ಪ್ರಯತ್ನ ಮಾಡುತ್ತಾರೆ. ಪ್ರಾಣಿಯನ್ನೇ ಮುಟ್ಟದೆ ಪ್ರಾಣಿ ವೈದ್ಯರಾಗುವುದು ಹೇಗೆ ಎಂದು ಮನೆಯವರು ಕೇಳುವುದು ಸಹಜ. ಇನ್ನು ಕೆಲವರ ಆತಂಕ ಇದಕ್ಕೆ ಉಲ್ಟಾ: ಕಾಲೇಜಿನಲ್ಲಿ ಈಗಲೂ ಜೀವ ಇರುವ ಪ್ರಾಣಿಗಳನ್ನು ಕೊಯ್ಯುತ್ತಾರಾ? ಎರಡೂ ಪ್ರಶ್ನೆಗಳ ಮೂಲ ಒಂದೇ ವಿಷಯದಲ್ಲಿದೆ. ಅದು ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದರ ಓದು.

ಬೇರೆ ಬೇರೆ ಕೆಲಸಗಳು, ಒಂದೇ ಹಣೆಪಟ್ಟಿ

ಗೊಂದಲಕ್ಕೆ ಮುಖ್ಯ ಕಾರಣ, ಮೂರು ಬೇರೆ ಕೆಲಸಗಳನ್ನು ನಾವು ಒಂದೇ ಗಂಟಿನಲ್ಲಿ ಕಟ್ಟುತ್ತಿರುವುದು.

ಮೊದಲನೆಯದು, ಮನುಷ್ಯರ ಔಷಧಕ್ಕಾಗಿ ಇಲಿ, ಮೊಲ, ನಾಯಿ, ಮಂಗಗಳ ಮೇಲೆ ಮಾಡುವ ಪರೀಕ್ಷೆ. ಇಲ್ಲಿ ಪ್ರಾಣಿ ಮನುಷ್ಯನ ಬದಲಿಗೆ ನಿಂತಿರುತ್ತದೆ. ಎಫ್‌ಡಿಎ ಮಾತಾಡಿದ್ದು ಇದರ ಬಗ್ಗೆ ಮಾತ್ರ. ಮನುಷ್ಯನ ದೇಹದಲ್ಲಿ ಏನಾಗುತ್ತದೆ ಎಂದು ತಿಳಿಯಲು ಮನುಷ್ಯನದೇ ಜೀವಕೋಶ ಬಳಸಿದರೆ ಉತ್ತರ ಇನ್ನೂ ಹತ್ತಿರವಾಗಬಹುದು. ಹಾಗಾಗಿ ಇಲ್ಲಿ ಬದಲಿ ವಿಧಾನಕ್ಕೆ ಬಲವಾದ ಕಾರಣವಿದೆ.

ಎರಡನೆಯದು ಪಾಠ. ಈಗಾಗಲೇ ಗೊತ್ತಿರುವ ಸಂಗತಿಯನ್ನು ವಿದ್ಯಾರ್ಥಿಗೆ ತೋರಿಸುವುದು. ಇಲ್ಲಿ ಹೊಸದೇನೂ ಪತ್ತೆಯಾಗುವುದಿಲ್ಲ.

ಮೂರನೆಯದು, ಆ ಪ್ರಾಣಿಗಾಗಿಯೇ ಮಾಡುವ ಸಂಶೋಧನೆ. ಬೇಸಿಗೆಯಲ್ಲಿ ಎಮ್ಮೆ ಯಾಕೆ ಬೆದೆಗೆ ಬರುವುದಿಲ್ಲ ಎಂದು ಹುಡುಕುವಾಗ ಎಮ್ಮೆ ಯಾರ ಬದಲಿಗೂ ನಿಂತಿಲ್ಲ. ಪ್ರಶ್ನೆ ಇರುವುದೇ ಅದರ ಬಗ್ಗೆ, ಉತ್ತರದ ಲಾಭ ಸಿಗಬೇಕಾದದ್ದೂ ಅದಕ್ಕೇ. ಮೊದಲ ಕೆಲಸಕ್ಕೆ ಹೊಂದುವ ತರ್ಕವನ್ನು ಹಾಗೇ ಎತ್ತಿ ಮೂರನೆಯದರ ಮೇಲೆ ಇಡಲು ಬರುವುದಿಲ್ಲ. ಈ ವ್ಯತ್ಯಾಸ ಸ್ಪಷ್ಟವಾದರೆ ಉಳಿದ ಅರ್ಧ ಜಗಳ ತಾನೇ ಕರಗುತ್ತದೆ.

ಕಾನೂನು ಏನು ಹೇಳುತ್ತದೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಹಿಂಸೆ ತಡೆಯಲೆಂದೇ ಬಂದ ಈ ಕಾಯ್ದೆಯ 14ನೇ ಕಲಂ, ಫಿಸಿಯಾಲಜಿಯ ಜ್ಞಾನವನ್ನು ಹೆಚ್ಚಿಸುವ ಹೊಸ ಶೋಧಕ್ಕಾಗಿ ಮಾಡುವ ಪ್ರಯೋಗ ಕಾನೂನುಬಾಹಿರವಲ್ಲ ಎನ್ನುತ್ತದೆ. ಮನುಷ್ಯ, ಪ್ರಾಣಿ, ಸಸ್ಯಗಳ ರೋಗ ತಡೆಯಲು ಬೇಕಾದ ಪ್ರಯೋಗಕ್ಕೂ ಅಲ್ಲಿ ಜಾಗವಿದೆ.

ಆದರೆ 17ನೇ ಕಲಂ ಲಗಾಮು ಹಾಕುತ್ತದೆ. ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಫಿಲ್ಮ್‌ಗಳಿಂದ ಅಷ್ಟೇ ಚೆನ್ನಾಗಿ ಕಲಿಸಲು ಸಾಧ್ಯವಿದ್ದರೆ ಪ್ರಾಣಿ ಪ್ರಯೋಗ ಬೇಡ. ಚಿಕ್ಕ ಪ್ರಾಣಿಯಿಂದ ಅದೇ ಫಲಿತಾಂಶ ಸಿಗುವುದಾದರೆ ದೊಡ್ಡ ಪ್ರಾಣಿ ಬೇಡ. ಬರೀ ಕೈಚಳಕ ಕಲಿಯಲು ಪ್ರಯೋಗ ಆದಷ್ಟು ಬೇಡ. ಇದು ಆರು ದಶಕಗಳ ಹಿಂದೆ ಬರೆದ ಕಾಯ್ದೆ. ಇವತ್ತಿನ ಚರ್ಚೆ ಹೊರದೇಶದಿಂದ ಹೊಸದಾಗಿ ಬಂದದ್ದೇನಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಇದನ್ನು ಜಾರಿ ಮಾಡುವುದು ಸಿಸಿಎಸ್‌ಇಎ ಎಂಬ ಸಮಿತಿ. ಮೊದಲು ಇದನ್ನು ಸಿಪಿಸಿಎಸ್‌ಇಎ ಎನ್ನುತ್ತಿದ್ದರು. ಈಗ ಇದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಅಡಿಯಲ್ಲಿದೆ. ಪ್ರಯೋಗ ಮಾಡುವ ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು. ಇಲಿ, ಮೊಲದಂಥ ಚಿಕ್ಕ ಪ್ರಾಣಿಗಳಿಗೆ ಆ ಸಮಿತಿಯ ಒಪ್ಪಿಗೆ ಸಾಕು. ದನ, ಎಮ್ಮೆ, ಕುರಿ, ನಾಯಿಗಳಂಥ ದೊಡ್ಡ ಪ್ರಾಣಿಗಳ ಪ್ರಸ್ತಾವ ಕೇಂದ್ರ ಸಮಿತಿಗೇ ಹೋಗಬೇಕು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರೋಗಕ್ಕೆ ಚಿಕಿತ್ಸೆ, ಲಸಿಕೆ, ಕೃತಕ ಗರ್ಭಧಾರಣೆ ಇವು ಯಾವುವೂ ಪ್ರಯೋಗವಲ್ಲ. ಊರಿನ ದನದ ದವಾಖಾನೆಯ ಕೆಲಸಕ್ಕೂ ಈ ಸುದ್ದಿಗಳಿಗೂ ಸಂಬಂಧವಿಲ್ಲ.

ಕಪ್ಪೆಯ ಹೃದಯ, ಹಾಲುಜ್ವರದ ಆಕಳು

ಫಿಸಿಯಾಲಜಿ ಪ್ರಾಕ್ಟಿಕಲ್ ಎಂದರೆ ಬಹುಕಾಲ ಕಪ್ಪೆಯೇ ಆಗಿತ್ತು. ಕಪ್ಪೆಯ ತೊಡೆಯ ನರ, ಕಾಲಿನ ಸ್ನಾಯು ಬಿಡಿಸಿ, ಕರೆಂಟ್ ಮುಟ್ಟಿಸಿ, ಅದು ಸೆಟೆದುಕೊಳ್ಳುವುದನ್ನು ಹೊಗೆ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಗೆರೆಯಾಗಿ ಬರೆಸುತ್ತಿದ್ದರು. ಕಪ್ಪೆಯ ಹೃದಯಕ್ಕೆ ಬೇರೆ ಬೇರೆ ಲವಣದ ದ್ರಾವಣ ಹಾಕಿ ಬಡಿತ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದರು. ಬದಲಾವಣೆ ನಿಧಾನವಾಗಿ ಬಂತು. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಕಡಿಮೆ ಮಾಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು, 2014ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಕೆಲವು ಬಗೆಯ ಕಪ್ಪೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಈಗ ಅದೇ ಗೆರೆ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ.

ಇದರಿಂದ ಕಲಿಕೆಗೆ ನಷ್ಟವಾಯಿತೇ? ಒಂದು ಉದಾಹರಣೆ ಹಿಡಿದು ನೋಡೋಣ.

ಕಪ್ಪೆಯ ಹೃದಯ ಬಡಿಯಲು ಕ್ಯಾಲ್ಸಿಯಂ ಬೇಕೇ ಬೇಕು ಎಂದು ಇಂಗ್ಲೆಂಡಿನ ಸಿಡ್ನಿ ರಿಂಗರ್ 1883ರಲ್ಲಿ ತೋರಿಸಿಕೊಟ್ಟರು. ಕ್ಯಾಲ್ಸಿಯಂ ತೀರಾ ಜಾಸ್ತಿಯಾದರೆ ಹೃದಯ ಬಿಗಿಹಿಡಿದು ನಿಂತುಬಿಡುತ್ತದೆ. ಈ ಸತ್ಯ ಗೊತ್ತಾಗಿ ನೂರು ವರ್ಷಕ್ಕಿಂತ ಜಾಸ್ತಿಯಾಗಿದೆ. ಅದನ್ನು ಮತ್ತೆ ನೋಡಲು ಪ್ರತಿ ಬ್ಯಾಚಿಗೂ ಕಪ್ಪೆ ಸಾಯಬೇಕಿಲ್ಲ. ಒಳ್ಳೆಯ ವಿಡಿಯೋ ಸಾಕು.

ಈಗ ಇದೇ ಪಾಠ ಕೊಟ್ಟಿಗೆಗೆ ಬಂದಾಗ ಏನಾಗುತ್ತದೆ ನೋಡಿ. ಚೆನ್ನಾಗಿ ಹಾಲು ಕೊಡುವ ಆಕಳು ಈದ ಮರುದಿನ ಮೇಲೇಳುವುದಿಲ್ಲ. ಕುತ್ತಿಗೆಯನ್ನು ಪಕ್ಕೆಯ ಕಡೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗಾಗಿದೆ. ಗಿಣ್ಣು ಹಾಲಿಗೆ ದಿಢೀರನೆ ಕ್ಯಾಲ್ಸಿಯಂ ಹೋಗಿ, ರಕ್ತದಲ್ಲಿ ಕಡಿಮೆಯಾಗಿ, ಸ್ನಾಯುಗಳು ಸೋತಿವೆ. ಇದೇ ಹಾಲುಜ್ವರ. ಡಾಕ್ಟರು ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಏರಿಸುತ್ತಾರೆ. ನಿಧಾನ ಏರಿಸಿದರೆ ಆಕಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲಬಹುದು. ಅವಸರ ಮಾಡಿದರೆ ಕಪ್ಪೆಯ ಹೃದಯಕ್ಕೆ ಆದದ್ದೇ ಆಕಳಿನ ಹೃದಯಕ್ಕೂ ಆಗಿ, ಅದು ಅಲ್ಲೇ ಸಾಯಬಹುದು. ಅದಕ್ಕೇ ಒಂದು ಕೈಯಲ್ಲಿ ಬಾಟಲಿಯ ವೇಗ ಹಿಡಿದು, ಕಿವಿಯಲ್ಲಿ ಸ್ಟೆತಸ್ಕೋಪ್ ಇಟ್ಟು ಬಡಿತ ಕೇಳುತ್ತಲೇ ಇರಬೇಕು. ಬಡಿತದ ಲಯ ತಪ್ಪಿದ ಕ್ಷಣ ನಿಲ್ಲಿಸಬೇಕು.

ತಪ್ಪಿದ ಲಯ ಗೊತ್ತಾಗುವುದು ಯಾರಿಗೆ? ಆರೋಗ್ಯವಾಗಿರುವ ಹತ್ತಾರು ಆಕಳುಗಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಸರಿಯಾದ ಲಯ ಕೇಳಿಸಿಕೊಂಡವರಿಗೆ. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಕೊಡಲಾರದು. ಮಜಾ ಎಂದರೆ, ಇದಕ್ಕೆ ಪ್ರಾಣಿಗೆ ನೋವು ಮಾಡುವ ಅಗತ್ಯವೂ ಇಲ್ಲ. ಟ್ರೆವಿಸ್‌ನಲ್ಲಿ, ಅಂದರೆ ದನ ಅಲುಗಾಡದಂತೆ ಹಿಡಿದಿಡುವ ಚೌಕಟ್ಟಿನಲ್ಲಿ ನಿಲ್ಲಿಸಿ, ಮೈ ಸವರಿ, ಕೇಳಿದರಾಯಿತು. ಬಾಲದ ಕೆಳಭಾಗದಲ್ಲಿ ನಾಡಿ ಹಿಡಿಯುವುದು, ಗುದದಲ್ಲಿ ಥರ್ಮಾಮೀಟರ್ ಇಟ್ಟು ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇದೆಯೇ ನೋಡುವುದು, ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ತಗ್ಗಿಗೆ ಮುಷ್ಟಿ ಒತ್ತಿ ನಿಂತು ಮೆಲುಕು ಹೊಟ್ಟೆ ಅಲೆಯಂತೆ ಏಳುವುದನ್ನು ಎಣಿಸುವುದು. ನಿಮಿಷಕ್ಕೆ ಒಂದೆರಡು ಸಲ ಅದು ಕೈಯನ್ನು ಹೊರಕ್ಕೆ ತಳ್ಳುತ್ತದೆ. ಫಿಸಿಯಾಲಜಿಯ ಅತಿ ಮುಖ್ಯ ಪಾಠಗಳು ಇವೇ.

ಹೀಗಾಗಿ ಪಾಠದ ವಿಷಯದಲ್ಲಿ ಉತ್ತರ ಗಟ್ಟಿಯಾಗಿಯೇ ಹೇಳಬಹುದು. ನೋವು ಕೊಡುವ, ಜೀವ ತೆಗೆಯುವ ಪ್ರಯೋಗ ಹೋಗಲಿ. ಜೀವಂತ ಪ್ರಾಣಿಯ ಒಡನಾಟ ಮಾತ್ರ ಈಗಿನದಕ್ಕಿಂತ ಹೆಚ್ಚಾಗಲಿ.

ಯಾರ ವಾದ ಏನು

ಬದಲಿ ವಿಧಾನ ಬೇಕು ಎನ್ನುವವರ ಕೈಯಲ್ಲಿ ಗಟ್ಟಿ ಪುರಾವೆ ಇದೆ. ಬ್ರಿಟನ್ನಿನ ಸಾರಾ ಬೇಲಿ ಎಂಬ ಪಶುವೈದ್ಯೆ 'ಹ್ಯಾಪ್ಟಿಕ್ ಕೌ' ಎಂಬ ಯಂತ್ರ ರೂಪಿಸಿದರು. ಆಕಳಿನ ಗರ್ಭಕೋಶವನ್ನು ಗುದದ ಮೂಲಕ ಕೈ ಹಾಕಿ ಪರೀಕ್ಷಿಸುವುದನ್ನು ಇದರ ಮೇಲೆ ಕಲಿಯಬಹುದು. ಒಳಗೆ ಕೈಗೆ ಏನು ತಾಗಬೇಕೋ ಅದೇ ಅನುಭವವನ್ನು ಕಂಪ್ಯೂಟರ್ ಕೊಡುತ್ತದೆ. ಇದರ ಮೇಲೆ ತರಬೇತಿ ಪಡೆದ ವಿದ್ಯಾರ್ಥಿಗಳು ನಿಜವಾದ ಆಕಳಿನಲ್ಲಿ ಗರ್ಭಕೋಶವನ್ನು ಹುಡುಕುವುದರಲ್ಲಿ, ತರಬೇತಿ ಇಲ್ಲದವರಿಗಿಂತ ಮುಂದಿದ್ದರು. ಒಂದೇ ಆಕಳಿಗೆ ಇಡೀ ಬ್ಯಾಚಿನ ಹುಡುಗರು ಸಾಲಾಗಿ ಕೈ ಹಾಕಿದರೆ ಅದರ ಪಾಡೇನು? ಯಂತ್ರ ಈ ಹಿಂಸೆಯನ್ನು ತಪ್ಪಿಸುತ್ತದೆ.

ಅಧ್ಯಾಪಕರ ಕಡೆಯ ಮಾತನ್ನೂ ತಳ್ಳಿಹಾಕಲು ಆಗುವುದಿಲ್ಲ. ಸಾಫ್ಟ್‌ವೇರಿನ ಕಪ್ಪೆ ಪ್ರತಿ ಸಲವೂ ಪುಸ್ತಕದಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತದೆ. ನಿಜವಾದ ಪ್ರಾಣಿ ಹಾಗಲ್ಲ. ಒಂದು ಹೆದರುತ್ತದೆ, ಇನ್ನೊಂದು ಒದೆಯುತ್ತದೆ, ಮತ್ತೊಂದರ ನಾಡಿ ಬಿಸಿಲಿಗೆ ಓಡುತ್ತಿರುತ್ತದೆ. ಆ ಏರುಪೇರಿನಲ್ಲಿ ಯಾವುದು ಸಹಜ, ಯಾವುದು ಅಲ್ಲ ಎಂದು ತೀರ್ಮಾನಿಸುವುದೇ ವೈದ್ಯರ ಕೆಲಸ.

ಎರಡೂ ಕಡೆಯ ಮಾತು ಕೇಳಿದರೆ, ಅವು ಒಂದಕ್ಕೊಂದು ಎದುರಾಗಿಲ್ಲ ಎನಿಸುತ್ತದೆ. ಮೊದಲು ಮಾದರಿಯ ಮೇಲೆ, ಕೈ ಪಳಗಿದ ಮೇಲೆ ಪ್ರಾಣಿಯ ಹತ್ತಿರ. ಬೇಕಾದದ್ದು ಎರಡೂ. ಪ್ರತಿ ಪಶುವೈದ್ಯಕೀಯ ಕಾಲೇಜಿಗೂ ಬೋಧನೆಗೆಂದೇ ಜಾನುವಾರು ಫಾರ್ಮ್ ಮತ್ತು ಆಸ್ಪತ್ರೆ ಇರಬೇಕು ಎಂದು ಭಾರತೀಯ ಪಶುವೈದ್ಯ ಪರಿಷತ್ತಿನ ನಿಯಮವೇ ಹೇಳುತ್ತದೆ. ಸಮಸ್ಯೆ ಹುಟ್ಟುವುದು, ಖರ್ಚು ಉಳಿಸಲು ಯಾರಾದರೂ ಮಾದರಿಯನ್ನು ತಂದು ದನಗಳನ್ನು ಕಡಿಮೆ ಮಾಡಿದಾಗ.

ಎಮ್ಮೆಯ ಪ್ರಶ್ನೆಗೆ ಇಲಿ ಉತ್ತರಿಸದು

ಈಗ ಸಂಶೋಧನೆಯ ಮಾತು. ನಮ್ಮ ಭಾಗಕ್ಕೆ ಇದೇ ದೊಡ್ಡ ವಿಷಯ.

ಪೇಡೆಯ ಊರಿನ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ಅಧಿಕೃತ ಮಾನ್ಯತೆ ಸಿಕ್ಕಿತು. ಧಾರವಾಡದಲ್ಲಷ್ಟೇ ಅಲ್ಲ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳದ ಕಡೆಯೂ ಇದು ಇದೆ. ಆದರೆ ಎಮ್ಮೆಯ ದೇಹದ ಬಗ್ಗೆ ನಮ್ಮ ದೇಶದಲ್ಲಿರುವ ತಿಳಿವಳಿಕೆಯಲ್ಲಿ ಹೆಚ್ಚಿನ ಪಾಲು ಹರಿಯಾಣದ ಕರ್ನಾಲ್, ಹಿಸಾರ್‌ಗಳಲ್ಲಿ ಮುರ್ರಾ ತಳಿಯ ಮೇಲೆ ನಡೆದ ಕೆಲಸದಿಂದ ಬಂದದ್ದು. ಅಲ್ಲಿ ಚಳಿ ಜೋರು, ಮೇವು ಬೇರೆ, ಎಮ್ಮೆಯೂ ದೊಡ್ಡದು. ಅಲ್ಲಿಯ ಲೆಕ್ಕ ರೋಣ, ನರಗುಂದದ ಕಣಿಕೆ ತಿನ್ನುವ ಎಮ್ಮೆಗೆ ಎಷ್ಟು ಹೊಂದುತ್ತದೆ ಎಂದು ಇಲ್ಲೇ ಅಳೆದು ನೋಡಬೇಕು.

ಬೇಸಿಗೆಯಲ್ಲಿ ಎಮ್ಮೆಗೆ ಏನಾಗುತ್ತದೆ? ಅದರ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಬೆವರಿ ತಂಪಾಗಲು ಆಗದ್ದರಿಂದ ಅದು ಕೆರೆ, ಕೆಸರು ಹುಡುಕುತ್ತದೆ. ನೀರು ಸಿಗದಿದ್ದರೆ ತೇಕುತ್ತದೆ. ತೇಕಿದಾಗ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದ ಆಮ್ಲ-ಕ್ಷಾರದ ತೂಕ ತಪ್ಪುತ್ತದೆ. ಅದನ್ನು ಸರಿಪಡಿಸಲು ಮೂತ್ರಪಿಂಡ ಬೈಕಾರ್ಬನೇಟನ್ನು ಹೊರಹಾಕುತ್ತದೆ. ಬಾಯಿಂದ ಜೊಲ್ಲೂ ಸುರಿದು ಹೋಗುತ್ತದೆ. ಮೆಲುಕು ಹೊಟ್ಟೆಯ ಹುಳಿ ತಗ್ಗಿಸಲು ಬೇಕಿದ್ದದ್ದು ಇದೇ ಬೈಕಾರ್ಬನೇಟ್, ಇದೇ ಜೊಲ್ಲು. ಅಂದರೆ ಬಿಸಿಲಿನ ಪೆಟ್ಟು ಹೊಟ್ಟೆಯ ತನಕ ಹೋಗುತ್ತದೆ. ಎಮ್ಮೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ಅಡಗುತ್ತದೆ. ಬೆದೆಗೆ ಬಂದರೂ ಕೂಗುವುದಿಲ್ಲ, ಬಂದದ್ದು ರಾತ್ರಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. 21 ದಿನಕ್ಕೊಮ್ಮೆ ಬರುವ ಅವಕಾಶ ಹೀಗೆ ತಪ್ಪುತ್ತಾ ಹೋಗುತ್ತದೆ. ಎಮ್ಮೆ ಗಬ್ಬ ಕಟ್ಟದೆ ತಿಂಗಳುಗಟ್ಟಲೆ ನಿಂತರೂ ಮೇವಿನ ಖರ್ಚು ನಿಲ್ಲುವುದಿಲ್ಲ.

ಈ ಸರಪಳಿಯ ಯಾವ ಕೊಂಡಿಯನ್ನು ಎಲ್ಲಿ ಕತ್ತರಿಸಬಹುದು? ಮಧ್ಯಾಹ್ನ ಮೈಮೇಲೆ ನೀರು ಹಾಕಿದರೆ ಸಾಕೇ, ಮೇವು ರಾತ್ರಿ ಕೊಟ್ಟರೆ ಒಳ್ಳೆಯದೇ, ಅಡಿಗೆ ಸೋಡ (ಅದೂ ಬೈಕಾರ್ಬನೇಟೇ) ಎಷ್ಟು ಬೆರೆಸಬೇಕು? ಇಲಿಗೆ ಮೆಲುಕು ಹೊಟ್ಟೆ ಇಲ್ಲ. ಅದು ಇದಕ್ಕೆ ಉತ್ತರ ಕೊಡಲಾರದು. ಕಂಪ್ಯೂಟರ್ ಮಾದರಿಯೂ ಎಮ್ಮೆಯಲ್ಲಿ ಅಳೆದ ಅಂಕಿ ಹಾಕಿದರೆ ಮಾತ್ರ ಓಡುತ್ತದೆ.

ಅಂಕಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಕ್ಸಿಟೋಸಿನ್ ಪ್ರಕರಣ ಸಾಕ್ಷಿ. ಎಮ್ಮೆಯ ಹಾಲಿನಲ್ಲಿ ಸುಮಾರು ನೂರಕ್ಕೆ 95 ಭಾಗ ಕೆಚ್ಚಲಿನ ಸಣ್ಣ ಸಣ್ಣ ಗೂಡುಗಳಲ್ಲೇ ಇರುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ಅವನ್ನು ಹಿಂಡಿದರೆ ಮಾತ್ರ ಹಾಲು ಇಳಿಯುತ್ತದೆ. ಕರು ಬಾಯಿ ಹಾಕಿದಾಗ ಹಾರ್ಮೋನು ತಾನೇ ಬರುತ್ತದೆ. ಹೆದರಿದರೆ, ಹೊಡೆದರೆ, ಜಾಗ ಬದಲಾದರೆ ಅದು ಬರುವುದಿಲ್ಲ. ಕರು ಸತ್ತ ಎಮ್ಮೆಗೆ ಕೆಲವರು ಇಂಜೆಕ್ಷನ್ ಚುಚ್ಚಿ ಹಾಲು ಇಳಿಸುತ್ತಾರೆ. ಈ ದುರ್ಬಳಕೆ ತಡೆಯಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದು, ಬೆಂಗಳೂರಿನ ಸರ್ಕಾರಿ ಸಂಸ್ಥೆ ಕೆಎಪಿಎಲ್ ಮಾತ್ರ ತಯಾರಿಸಬೇಕು ಎಂದಿತು. ಆದರೆ ಇದೇ ಔಷಧ ಹೆರಿಗೆಯಾದ ತಾಯಂದಿರ ರಕ್ತಸ್ರಾವ ನಿಲ್ಲಿಸಲೂ ಬೇಕು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಸರ್ಕಾರದ ಈ ಆದೇಶವನ್ನು ರದ್ದು ಮಾಡಿತು. ವೈಜ್ಞಾನಿಕ ಆಧಾರ ಸಾಲದು ಎಂಬುದು ಅದಕ್ಕೆ ಒಂದು ಕಾರಣ. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಎಮ್ಮೆಯ ಮೈಯಲ್ಲಿ ಏನಾಗುತ್ತದೆ ಎಂಬ ಗಟ್ಟಿ ಮಾಹಿತಿ ಕೈಯಲ್ಲಿಲ್ಲದೆ ಮಾಡಿದ ನೀತಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಚುಚ್ಚದೆ ಅಳೆಯುವ ದಾರಿ

ಹಾಗಂತ ಹಳೆಯ ರೀತಿಯಲ್ಲೇ ಸಂಶೋಧನೆ ನಡೆಯಲಿ ಎನ್ನುವಂತಿಲ್ಲ. ಪ್ರಾಣಿಯ ಬದಲು ಬೇರೆ ವಿಧಾನ ಬಳಸಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ ಎಂಬ ಸೂತ್ರವನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಕೊಟ್ಟರು. ಪ್ರಯೋಗ ಮುಗಿದ ಮೇಲೆ ಪ್ರಾಣಿಗೆ ಪುನರ್ವಸತಿ ಕೊಡಿ ಎಂಬುದನ್ನು ಭಾರತ ಅದಕ್ಕೆ ಸೇರಿಸಿತು. ನನಗೆ ಇದು ನಮ್ಮ ನಿಯಮಗಳಲ್ಲೇ ಅತ್ಯಂತ ಮಾನವೀಯ ಭಾಗ ಅನ್ನಿಸುತ್ತದೆ. ಕೆಲಸ ಮುಗಿಯಿತೆಂದು ಪ್ರಾಣಿಯ ಹೊಣೆ ಮುಗಿಯುವುದಿಲ್ಲ.

ಎಮ್ಮೆಯಂಥ ಪ್ರಾಣಿಯಲ್ಲಿ ಬದಲಿಸುವುದು ಕಷ್ಟ, ನೋವು ತಗ್ಗಿಸುವುದು ಈಗ ಸುಲಭ. ಬೆದೆ, ಗಬ್ಬದ ಸುಳಿವು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಹಾಲಿನಲ್ಲೇ ಅಳೆಯಬಹುದು, ರಕ್ತ ಬೇಕಿಲ್ಲ. ಒತ್ತಡದ ಹಾರ್ಮೋನಿನ ಸುಳಿವು ಸಗಣಿಯಲ್ಲಿ, ಕೂದಲಲ್ಲಿ ಸಿಗುತ್ತದೆ. ಮೈಯ ಶಾಖವನ್ನು ದೂರದಿಂದಲೇ ಕ್ಯಾಮೆರಾ ಹೇಳುತ್ತದೆ. ಕುತ್ತಿಗೆ ಪಟ್ಟಿಯ ಸೆನ್ಸರ್ ಮೆಲುಕು ಎಷ್ಟು ಹೊತ್ತು ಹಾಕಿತು ಎಂದು ಎಣಿಸುತ್ತದೆ. ಇಂಥ ಕೆಲಸಕ್ಕೆ ಕಾಲೇಜಿನ ಫಾರ್ಮೇ ಆಗಬೇಕೆಂದಿಲ್ಲ. ಒಪ್ಪಿಗೆ ಪಡೆದು ರೈತರ, ಗೌಳಿಗರ ಮನೆಯ ಎಮ್ಮೆಗಳಲ್ಲೂ ಮಾಡಬಹುದು. ಎಮ್ಮೆ ತನ್ನ ಕೊಟ್ಟಿಗೆಯಲ್ಲೇ ನೆಮ್ಮದಿಯಾಗಿರುವುದರಿಂದ ಅಂಕಿಯೂ ಹೆಚ್ಚು ನಂಬಿಕೆಯದಾಗುತ್ತದೆ.

ಮುಂದೆ ಏನಾಗಬಹುದು

ಔಷಧ ಕಂಪನಿಗಳ ಕಡೆಯಲ್ಲಿ ಪ್ರಾಣಿಗಳ ಬಳಕೆ ಇನ್ನೂ ತಗ್ಗುತ್ತದೆ. ಅದು ಒಳ್ಳೆಯದೇ. ಪಶುವೈದ್ಯಕೀಯ ಕಾಲೇಜುಗಳಲ್ಲಿ ಖರ್ಚಿನ ರೂಪ ಬದಲಾಗುತ್ತದೆ. ಕಪ್ಪೆ ಅಗ್ಗವಾಗಿತ್ತು. ಒಳ್ಳೆಯ ಮಾದರಿ ದುಬಾರಿ, ಜೀವಂತ ಹಿಂಡು ಸಾಕುವುದು ಇನ್ನೂ ದುಬಾರಿ. ವರ್ಷವಿಡೀ ಮೇವು, ಆಳು, ನೀರು ಬೇಕು. ಬಜೆಟ್ ಕೊಡುವವರು ಒಂದನ್ನೇ ಆರಿಸಿಕೊಂಡರೆ, ಪರದೆಯ ಮೇಲೆ ಎಲ್ಲ ಬಲ್ಲ, ಟ್ರೆವಿಸ್ ಮುಂದೆ ಕೈ ನಡುಗುವ ಡಾಕ್ಟರುಗಳು ಹೊರಬರುತ್ತಾರೆ. ಅದರ ಬೆಲೆ ತೆರುವುದು ಹಾಲುಜ್ವರದ ಆಕಳು ಮತ್ತು ಅದರ ಒಡೆಯ.

ಸಂಶೋಧನೆಯಲ್ಲಿ ತೊಡಕು ಬೇರೆ. ದೊಡ್ಡ ಪ್ರಾಣಿಯ ಪ್ರಸ್ತಾವ ಕೇಂದ್ರ ಸಮಿತಿಗೆ ಹೋಗಬೇಕು ಎಂದು ಮೇಲೆ ನೋಡಿದೆವು. ತಪಾಸಣೆ ಬೇಕೇ ಬೇಕು, ಅದರಲ್ಲಿ ರಾಜಿ ಬೇಡ. ಆದರೆ ಗದಗದ ಬಿಸಿಲಿನಲ್ಲಿ ಎಮ್ಮೆಯನ್ನು ಅಳೆಯುವ ಕೆಲಸ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾತ್ರ ಸಾಧ್ಯ. ಒಪ್ಪಿಗೆ ಜೂನ್‌ನಲ್ಲಿ ಬಂದರೆ ಇಡೀ ಒಂದು ವರ್ಷ ಹೋಯಿತು. ಸ್ನಾತಕೋತ್ತರ ವಿದ್ಯಾರ್ಥಿಯ ಬಳಿ ಇರುವುದೇ ಎರಡು ವರ್ಷ. ಹೀಗಾದಾಗ ಅವರು ಬೇಗ ಒಪ್ಪಿಗೆ ಸಿಗುವ ಇಲಿಯ ವಿಷಯ ಆರಿಸಿಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ. ಹಾಲು, ಸಗಣಿ, ಕೂದಲು, ಸೆನ್ಸರ್ ಮೂಲಕವೇ ನಡೆಯುವ, ಪ್ರಾಣಿಗೆ ನೋವಿಲ್ಲದ ಅಧ್ಯಯನಗಳಿಗೆ ಸಂಸ್ಥೆಯ ಸಮಿತಿಯ ಮಟ್ಟದಲ್ಲೇ ಬೇಗ ತೀರ್ಮಾನ ಸಿಗುವಂತೆ ಮಾಡಿದರೆ ಈ ಗಂಟು ಬಿಡುತ್ತದೆ. ನೋವಿರುವ ಕೆಲಸಕ್ಕೆ ಮೇಲಿನ ತಪಾಸಣೆ ಈಗಿನಂತೆಯೇ ಇರಲಿ.

ಈ ವರ್ಷ ಸೀಟು ಹುಡುಕುತ್ತಿರುವವರು ಭಯ ಬೀಳಬೇಕಾಗಿಲ್ಲ. ಬಿವಿಎಸ್ಸಿ ಐದೂವರೆ ವರ್ಷದ ಕೋರ್ಸು, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ದನ, ಎಮ್ಮೆ, ಕುರಿ, ನಾಯಿ ಎಲ್ಲವನ್ನೂ ಮುಟ್ಟಿಯೇ ಕಲಿಯಬೇಕು. ಕಾಲೇಜು ನೋಡಲು ಹೋದಾಗ ಕೇಳಬೇಕಾದದ್ದು ಇಷ್ಟು: ಫಾರ್ಮ್‌ನಲ್ಲಿ ಎಷ್ಟು ದನ, ಎಮ್ಮೆ ಇವೆ? ಮೊದಲ ವರ್ಷದವರನ್ನು ಅವುಗಳ ಹತ್ತಿರ ಬಿಡುತ್ತೀರಾ, ವಾರಕ್ಕೆ ಎಷ್ಟು ಗಂಟೆ? ಒಂದು ಆಕಳಿಗೆ ಎಷ್ಟು ಜನ ವಿದ್ಯಾರ್ಥಿಗಳು?